ಸ್ವಿಚ್ಚಿಲ್ಲದ ದೀಪ: ಫೈರ್‌ಫ್ಲೈ ಪೆಟೂನಿಯಾ ತರಿಸಿದವಳ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ, ಫೋಟೋ ನೋಡಿ ಮರುಳಾಗಿ ತರಿಸುವ ಗಿಡ ಇದಲ್ಲ. ನೆಟ್ಟಿನಲ್ಲಿ ಓಡಾಡುವ ಫೋಟೋಗಳಲ್ಲಿ ಹೂವೆಲ್ಲ ಹಚ್ಚಹಸಿರು ಬೆಳಕು ಸೂಸುತ್ತ ನಿಂತಿರುತ್ತವಲ್ಲ, ಅದು ಸುಳ್ಳೇನಲ್ಲ. ಕ್ಯಾಮೆರಾ ಕತ್ತಲಲ್ಲಿ ಕಣ್ಣು ಮುಚ್ಚದೆ ಕೂತು ಒಟ್ಟುಮಾಡಿದ ಬೆಳಕು ಅದು. ನಮ್ಮ ಕಣ್ಣಿಗೆ ಅಷ್ಟು ತಾಳ್ಮೆಯಿಲ್ಲ. ನಮಗೆ ಕಾಣುವುದು ಅದಕ್ಕಿಂತ ಬಹಳ ಮಂದ, ಬಹಳ ಬಿಳಿಚು. ಆದರೂ ದುಡ್ಡು ದಂಡವಾಯಿತು ಅಂತ ನನಗೆ ಅನ್ನಿಸಿಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಗಿಡದ ಹೆಸರು ಫೈರ್‌ಫ್ಲೈ ಪೆಟೂನಿಯಾ. ಮಾರುವವರು ಅಮೆರಿಕದ ಐಡಹೋ ರಾಜ್ಯದ ಲೈಟ್ ಬಯೋ ಅನ್ನುವ ಕಂಪನಿ. ಹೊರಗಿನಿಂದ ಬೆಳಕು ಬೀಳದೆ, ಬ್ಯಾಟರಿಯಿಲ್ಲದೆ, ಯಾವ ಔಷಧಿಯನ್ನೂ ಸಿಂಪಡಿಸದೆ, ತಾನೇ ತಾನಾಗಿ ಬೆಳಗುವಂತೆ ವಂಶವಾಹಿ ತಿದ್ದಿದ ಗಿಡ. ಅಮೆರಿಕದ ಕೃಷಿ ಇಲಾಖೆ 2023ರ ಸೆಪ್ಟೆಂಬರ್‌ನಲ್ಲಿ, ಮಾಮೂಲಿ ಪೆಟೂನಿಯಾಕ್ಕಿಂತ ಹೆಚ್ಚಿನ ಪೀಡೆಯ ಅಪಾಯ ಇದರಿಂದ ಬರುವಂತಿಲ್ಲ ಎಂದು ದಾರಿ ಬಿಟ್ಟುಕೊಟ್ಟಿತು. 2024ರ ಫೆಬ್ರವರಿಯಲ್ಲಿ ಬುಕಿಂಗ್ ಶುರುವಾಯಿತು. ಆಗ ಇಟ್ಟ ಬೆಲೆ 29 ಡಾಲರ್, ಸಾಗಣೆ ಬೇರೆ. ಅಲಾಸ್ಕ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಿಗೆ ಕಳಿಸುತ್ತಾರೆ. ನಾನಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ, ಹಾಗಾಗಿ ತೊಂದರೆಯಿರಲಿಲ್ಲ. ಅಷ್ಟು ದುಡ್ಡಿಗೆ ನರ್ಸರಿಯಲ್ಲಿ ಟ್ರೇಗಟ್ಟಲೆ ಪೆಟೂನಿಯಾ ಬರುತ್ತದೆ ಅಂತ ನಮ್ಮ ಮನೆಯವರು ಲೆಕ್ಕ ಒಪ್ಪಿಸಿದರು. ಒಪ್ಪಿಸಲಿ. ನನಗೆ ಬೇಕಿದ್ದದ್ದು ಪೆಟೂನಿಯಾ ಅಲ್ಲ, ದೀಪ.

ಬಿಡುವಿನಲ್ಲಿ ನಾನೊಂದು ವಿಜ್ಞಾನ ಕಥೆ ಬರೆಯುತ್ತಿದ್ದೇನೆ. ಮೆಳೆ ಅಂತ ಒಂದು ಗ್ರಹ. ಅಲ್ಲಿ ಅದಿರು ಕೈಗೆ ಸಿಗುವಷ್ಟು ಮೇಲಿಲ್ಲ. ಕಬ್ಬಿಣವಿಲ್ಲ, ತಂತಿಯಿಲ್ಲ, ಕರೆಂಟೂ ಇಲ್ಲ. ಅಲ್ಲಿನವರು ತಲೆತಲಾಂತರದಿಂದ ಜೀವಗಳನ್ನೇ ತಿದ್ದಿ ತೀಡಿ ಕೆಲಸಕ್ಕೆ ಹಚ್ಚಿದ್ದಾರೆ. ಗೋಡೆ ಅಂದರೆ ಬೆಳೆಯುವ ಒಂದು ಮರ. ನೀರು ಸೋಸುವುದು ಒಂದು ಪಾಚಿ, ಸುದ್ದಿ ಒಯ್ಯುವುದು ಊರಿಂದೂರಿಗೆ ಹಬ್ಬಿದ ಬೇರು, ದೀಪ ಒಂದು ಬಳ್ಳಿ. ಬರೆಯುವಾಗ ಬಹಳ ಸಲೀಸಾಗಿತ್ತು. ಬೆಂಗಳೂರಿನಲ್ಲಿ ಬಯೋಟೆಕ್ನಾಲಜಿ ಓದುತ್ತಿರುವ ಅಣ್ಣನ ಮಗಳಿಗೆ ಮೊದಲ ಅಧ್ಯಾಯ ಕಳಿಸಿದೆ. ವಾಯ್ಸ್ ಮೆಸೇಜ್ ಬಂತು: “ಅತ್ತೆ, ಚೆನ್ನಾಗಿದೆ. ಆದ್ರೆ ಆ ಬಳ್ಳಿಗೆ ಊಟ ಹಾಕೋರು ಯಾರು? ನಿಮ್ಮ ಕಥೇಲಿ ಎಲ್ರೂ ದೀಪದ ಕೆಳಗೆ ಕೂತು ಮಾತಾಡ್ತಾನೇ ಇರ್ತಾರೆ. ಒಬ್ರೂ ನೀರು ಹಾಕಲ್ಲ.”

ಹುಡುಗಿ ಮಾತಿಗೆ ಉತ್ತರ ಕಥೆಯೊಳಗೆ ಸಿಗುವುದಿಲ್ಲ ಅನ್ನಿಸಿತು. ಅದೇ ವಾರ ಆರ್ಡರ್ ಮಾಡಿದೆ. ಹಾಗಾಗಿ ಇದು ತೋಟಗಾರಳ ವಿಮರ್ಶೆಯಲ್ಲ. ಮೆಳೆ ಗ್ರಹದ ಒಬ್ಬ ಗೃಹಿಣಿ ತನ್ನ ಮನೆಯ ದೀಪದ ಬಗ್ಗೆ ಬರೆದ ದೂರೂ ಹೊಗಳಿಕೆಯೂ ಅಂತ ಓದಿಕೊಳ್ಳಿ.

ಹಗಲಲ್ಲಿ ನೋಡಿದರೆ ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬಿಳಿ ಹೂವು, ಮೆದು ಎಲೆ. ಲಾಲ್‌ಬಾಗ್‌ನ ಜನವರಿ ಫ್ಲವರ್ ಶೋಗೆ ಹೋದವರು ಪೆಟೂನಿಯಾವನ್ನು ಸಾಲುಸಾಲಾಗಿ ನೋಡಿಯೇ ಇರುತ್ತೀರಿ, ಅದೇ. ಮುಟ್ಟಿದರೆ ಬೆರಳಿಗೆ ಸಣ್ಣ ಅಂಟು ಹತ್ತುತ್ತದೆ, ಅದು ಕೂಡ ಎಲ್ಲ ಪೆಟೂನಿಯಾಗಳ ಸ್ವಭಾವ. ಕುಂಡ ಸಣ್ಣದು, ಬಂದ ತಕ್ಷಣ ದೊಡ್ಡದಕ್ಕೆ ಬದಲಾಯಿಸಿ, ಬಾಲ್ಕನಿಯಲ್ಲಿಟ್ಟು, ಕತ್ತಲಾಗಲಿ ಅಂತ ಕಾದೆ.

ಕತ್ತಲಾಗಲೇ ಇಲ್ಲ. ನಮ್ಮ ಮನೆಯಲ್ಲಿ ಕತ್ತಲೆ ಅನ್ನುವ ವಸ್ತುವೇ ಇಲ್ಲ ಎಂದು ಗೊತ್ತಾದದ್ದು ಈ ಗಿಡ ಬಂದ ಮೇಲೆ. ಬಾಲ್ಕನಿಗೆ ಪಾರ್ಕಿಂಗ್ ಲಾಟಿನ ಫ್ಲಡ್‌ಲೈಟು. ಹಾಲಿನಲ್ಲಿ ರೌಟರಿನ ಚುಕ್ಕಿಗಳು, ಟಿವಿಯ ಕೆಂಪು ಚುಕ್ಕಿ, ಅಡುಗೆಮನೆಯಲ್ಲಿ ಮೈಕ್ರೋವೇವಿನ ಗಡಿಯಾರ, ಮಲಗುವ ಕೋಣೆಯಲ್ಲಿ ಹೊಗೆ ಪತ್ತೆಮಾಡುವ ಡಬ್ಬಿಯ ಹಸಿರು ಕಣ್ಣು. ಇಷ್ಟರಲ್ಲಿ ಒಂದಿದ್ದರೂ ಸಾಕು, ಗಿಡ ಸೋಲುತ್ತದೆ. ಕಡೆಗೆ ಕಿಟಕಿಯಿಲ್ಲದ ಬಚ್ಚಲುಮನೆಗೆ ಒಯ್ದು, ಬಾಗಿಲ ಸಂದಿಗೆ ಟವೆಲ್ ತುರುಕಿ, ಮೊಗಚಿ ಹಾಕಿದ ಬಕೆಟ್ ಮೇಲೆ ಕೂತೆ.

ಮೊದಲು ಏನೂ ಇಲ್ಲ. ಕರೀ ಗೋಡೆ ನೋಡುತ್ತ ಕೂತ ಹಾಗೆ. ಆಮೇಲೆ ಬಲಗಡೆ ಏನೋ ಇದೆ ಅನ್ನಿಸಿತು. ತಿರುಗಿ ನೋಡಿದರೆ ಇಲ್ಲ. ಮತ್ತೆ ಮುಖ ಆಚೆ ಮಾಡಿದರೆ ಇದೆ. ನಿಧಾನಕ್ಕೆ ನಾಲ್ಕೈದು ಮಸುಕು ಬೆರಳುಗಳು ಗಾಳಿಯಲ್ಲಿ ಮೂಡಿದವು. ಅವು ಮೊಗ್ಗುಗಳು. ಮೊಗ್ಗೇ ಎಲ್ಲಕ್ಕಿಂತ ಹೆಚ್ಚು ಬೆಳಗುತ್ತದೆ, ಅದರಲ್ಲೂ ಅರಳುವುದಕ್ಕೆ ಸ್ವಲ್ಪ ಮುಂಚೆ. ಅರಳಿದ ಹೂವು ಅದಕ್ಕಿಂತ ಕಡಿಮೆ. ಎಳೆಯ ಎಲೆ ಇನ್ನೂ ಕಡಿಮೆ. ಬಲಿತ ಎಲೆ ಇದ್ದೂ ಇಲ್ಲ. ಮತ್ತಷ್ಟು ಹೊತ್ತು ಕೂತ ಮೇಲೆ ಇಡೀ ಗಿಡದ ಆಕಾರ ಬಂತು, ಹೂವಿನ ಅಂಚಿನ ಸುಕ್ಕು ಕೂಡ ಕಾಣುವಷ್ಟು. ಬಣ್ಣ ಹಸಿರು ಅಂತ ಗೊತ್ತಿದ್ದರಿಂದ ಹಸಿರು ಅಂದುಕೊಂಡೆ. ನಿಜಕ್ಕೂ ನನ್ನ ಕಣ್ಣಿಗೆ ಕಂಡದ್ದು ಬೂದಿ ಬೆರೆತ ಬಿಳಿ.

ಇದರಲ್ಲಿ ಗಿಡದ ತಪ್ಪಿಲ್ಲ. ಮಂದ ಬೆಳಕಿನಲ್ಲಿ ನಮಗೆ ದಾರಿ ತೋರಿಸುವ ಕಣ್ಣಿನ ಕಂಬಿಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಅವು ಪೂರ್ತಿ ಎಚ್ಚರಗೊಳ್ಳಲು ಅರ್ಧ ಗಂಟೆಯಾದರೂ ಬೇಕು. ನೇರ ನೋಟ ಬೀಳುವ ರೆಟಿನಾದ ನಟ್ಟನಡುವಿನ ಜಾಗದಲ್ಲಿ ಅವು ಇರುವುದೇ ಇಲ್ಲ. ಅದಕ್ಕೇ ಓರೆಗಣ್ಣಿಗೆ ಕಂಡದ್ದು ನೇರ ನೋಡಿದರೆ ಮಾಯ. ನಕ್ಷತ್ರ ನೋಡುವವರಿಗೆ ಈ ಉಪಾಯ ಹಳೆಯದು. ಗಿಡ ಕೊಳ್ಳುವವರಿಗೂ ಇದನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕು: ಅರ್ಧ ಗಂಟೆ ಫೋನ್ ಮುಟ್ಟದೆ ಕತ್ತಲಲ್ಲಿ ಕೂರಲು ಆಗದವರು ಈ ದೀಪ ಕೊಳ್ಳಬೇಡಿ. ಕಂಪನಿಯವರೂ ಬೆಳದಿಂಗಳಿನ ಮಾತಾಡುತ್ತಾರೆಯೇ ಹೊರತು ಬಲ್ಬಿನ ಮಾತಾಡುವುದಿಲ್ಲ. ಪುಸ್ತಕ ಓದುವ ಮಾತು ಹಾಗಿರಲಿ, ಪಕ್ಕದಲ್ಲಿಟ್ಟ ಚಪ್ಪಲಿ ಕೂಡ ಕಾಣುವುದಿಲ್ಲ.

ಊರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ತೀರ್ಥಹಳ್ಳಿಯಲ್ಲಿ ಅಮ್ಮ ಬೆಳಗಿನ ತಿಂಡಿ ಮಾಡುತ್ತಿದ್ದಳು. ವಿಡಿಯೋದಲ್ಲಿ ಇದು ಬರುವುದೇ ಇಲ್ಲ ಅಂತ ಆಗ ತಿಳಿಯಿತು. “ಎಂತ ಕಾಣ್ತಿಲ್ವಲ್ಲೇ, ನಿಮ್ಮಲ್ಲೂ ಕರೆಂಟ್ ಹೋಯ್ತಾ?” ಅಂದಳು. ಹೂವು ಬೆಳಗುತ್ತಿದೆ ಅಂದೆ. “ಕೊಳೆತ ಮರ ಬೆಳಗೋದು ನೋಡಿಲ್ವಾ ನಾವು, ಅದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ?” ಅಂತ ಸೌಟು ಹಿಡಿದುಕೊಂಡೇ ಕೇಳಿದಳು.

ಅಮ್ಮ ಹೇಳಿದ್ದು ನೇರ ವಿಷಯಕ್ಕೇ ಬಂತು. ಪಶ್ಚಿಮ ಘಟ್ಟದಲ್ಲಿ ಮಳೆ ಹಿಡಿದ ಮೇಲೆ ಕೊಳೆತ ತೊಗಟೆ, ಕಡ್ಡಿಗಳ ಮೇಲೆ ಮಂಕು ಹಸಿರು ಬೆಳಕು ಕಾಣುತ್ತದೆ; ಅದು ಶಿಲೀಂಧ್ರದ ಕೆಲಸ. ಈ ಪೆಟೂನಿಯಾದ ಬೆಳಕು ಹೆಸರಿನಲ್ಲಿ ಮಿಂಚುಹುಳದ್ದಾದರೂ ಅಸಲಿಗೆ ಅಣಬೆಯದೇ. ಉಷ್ಣವಲಯದ ಕಾಡಿನಲ್ಲಿ ಬೆಳೆಯುವ ನಿಯೋನೋಥೋಪಾನಸ್ ನಾಂಬಿ ಅನ್ನುವ ನಂಜಿನ ಅಣಬೆಯಿಂದ ಬೆಳಕಿನ ವಂಶವಾಹಿಗಳನ್ನು ತೆಗೆದು ಗಿಡಕ್ಕೆ ಸೇರಿಸಿದ್ದಾರೆ. ನಂಜು ಬರುವುದಿಲ್ಲ, ಬೆಳಕು ಮಾತ್ರ ಬರುತ್ತದೆ.

ಕೆಲಸ ನಡೆಯುವ ರೀತಿ ಬಹಳ ಜಾಣತನದ್ದು, ನನ್ನ ಮೆಳೆಯವರೂ ಮೆಚ್ಚುವಂಥದ್ದು. ಕೆಫಿಕ್ ಆಮ್ಲ ಅನ್ನುವ ಪದಾರ್ಥ ಎಲ್ಲ ಗಿಡಗಳಲ್ಲೂ ಇರುತ್ತದೆ. ಕಾಂಡ ಗಟ್ಟಿಯಾಗಿಸುವ ಲಿಗ್ನಿನ್ ತಯಾರಿಯ ದಾರಿಯಲ್ಲಿ ಅದೊಂದು ಮೆಟ್ಟಿಲು. ಅಣಬೆಯಿಂದ ತಂದ ಕಿಣ್ವಗಳು ಆ ಆಮ್ಲವನ್ನು ಮೊದಲು ಹಿಸ್ಪಿಡಿನ್ ಮಾಡುತ್ತವೆ, ಆಮೇಲೆ ಅದನ್ನು ಲೂಸಿಫೆರಿನ್, ಅಂದರೆ ಉರಿಯುವ ಎಣ್ಣೆ, ಮಾಡುತ್ತವೆ. ಲೂಸಿಫೆರೇಸ್ ಅನ್ನುವ ಕಿಣ್ವ ಗಾಳಿಯ ಆಮ್ಲಜನಕದ ಜತೆ ಅದನ್ನು ಸೇರಿಸಿದಾಗ ಬೆಳಕು. ಉರಿದು ಉಳಿದ ಚರಟವನ್ನು ಇನ್ನೊಂದು ಕಿಣ್ವ ಮತ್ತೆ ಕೆಫಿಕ್ ಆಮ್ಲಕ್ಕೆ ತಿರುಗಿಸುತ್ತದೆ. ಹಣತೆಯ ಎಣ್ಣೆ ಉರಿದು, ಹೊಗೆಯಾಗಿ, ಆ ಹೊಗೆಯೇ ಮತ್ತೆ ಎಣ್ಣೆಯಾಗಿ ಹಣತೆಗೆ ಇಳಿದ ಹಾಗೆ. ಖರ್ಚಾಗುವ ಶಕ್ತಿ ಮಾತ್ರ ಬಿಸಿಲಿನದು, ಗಿಡ ಹಗಲಲ್ಲಿ ದುಡಿದದ್ದು.

ಎಲ್ಲ ಕಿಣ್ವಗಳೂ ಗಿಡದೊಳಗೇ ಇರುವುದು ಇಲ್ಲಿನ ಮುಖ್ಯ ಗೆಲುವು. 1986ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ತಂಬಾಕಿನ ಗಿಡಕ್ಕೆ ಮಿಂಚುಹುಳದ ವಂಶವಾಹಿ ಹಾಕಿ ಬೆಳಗಿಸಿದ್ದರು, ಆದರೆ ಅದಕ್ಕೆ ಲೂಸಿಫೆರಿನ್ನನ್ನು ಹೊರಗಿನಿಂದ ಕುಡಿಸಬೇಕಿತ್ತು. ಆ ತಂಡದಲ್ಲಿದ್ದ ಕೀತ್ ವುಡ್ ಅವರೇ ಈಗ ಲೈಟ್ ಬಯೋ ಮುಖ್ಯಸ್ಥರು. ಎಷ್ಟು ವರ್ಷದ ಹಟ ನೋಡಿ. ನಡುವೆ 2013ರಲ್ಲಿ ಬೇರೊಂದು ಗುಂಪು ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಬೆಳಗುವ ಗಿಡದ ಬೀಜ ಕೊಡುತ್ತೇವೆ ಎಂದು 4,80,000 ಡಾಲರಿಗೂ ಹೆಚ್ಚು ಎತ್ತಿತ್ತು. ಆ ಬೆಳಗುವ ಗಿಡ ಜನರ ಕೈಗೆ ಬರಲೇ ಇಲ್ಲ. ಅಣಬೆಯ ದಾರಿ ಕೈಹಿಡಿದದ್ದು 2020ರಲ್ಲಿ. ಕರೆನ್ ಸರ್ಕಿಸ್ಯಾನ್, ಇಲ್ಯಾ ಯಾಂಪೋಲ್‌ಸ್ಕಿ ಮುಂತಾದವರ ತಂಡ ಬರಿಗಣ್ಣಿಗೆ ಕಾಣುವಷ್ಟು ತಾನೇ ಬೆಳಗುವ ತಂಬಾಕಿನ ಗಿಡವನ್ನು ಪ್ರಕಟಿಸಿತು.

ಇನ್ನು ಅಣ್ಣನ ಮಗಳ ಪ್ರಶ್ನೆಗೆ ಬರೋಣ: ಊಟ ಹಾಕುವವರು ಯಾರು?

ನಾನು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಗಿಡವನ್ನು ಬಚ್ಚಲುಮನೆಯಿಂದ ಬಾಲ್ಕನಿಗೆ ಸಾಗಿಸಬೇಕು. ಪೆಟೂನಿಯಾಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮೋಡದ ವಾರ ಬಂದರೆ ಬೆಳಕು ಕುಗ್ಗುವುದು ಕಣ್ಣಿಗೇ ಗೊತ್ತಾಗುತ್ತದೆ. ಜುಲೈ ಬಿಸಿಲಿಗೆ ಕುಂಡ ಮಧ್ಯಾಹ್ನದೊಳಗೆ ಒಣಗುತ್ತದೆ, ಹಾಗೆಂದು ತುಂಬ ಸುರಿದರೆ ಬೇರು ಕೊಳೆಯುತ್ತದೆ. ನೀರಲ್ಲಿ ಕರಗಿಸುವ ಗೊಬ್ಬರ ಆಗಾಗ ಕೊಡುತ್ತಿರಬೇಕು. ಬಾಡಿದ ಹೂವನ್ನು ಬುಡದ ಕಾಯಿಸಮೇತ ಚಿವುಟದಿದ್ದರೆ ಗಿಡ ಬೀಜದ ಕಡೆ ಮನಸ್ಸು ಮಾಡಿ ಮೊಗ್ಗು ಬಿಡುವುದನ್ನೇ ನಿಲ್ಲಿಸುತ್ತದೆ; ಮೊಗ್ಗಿಲ್ಲದಿದ್ದರೆ ದೀಪವಿಲ್ಲ. ಬಳ್ಳಿ ಉದ್ದುದ್ದ ಹೋಗಿ ನಡು ಬರಿದಾದಾಗ ಎದೆ ಗಟ್ಟಿ ಮಾಡಿಕೊಂಡು ಅರ್ಧಕ್ಕೆ ಕತ್ತರಿಸಬೇಕು, ಆಮೇಲೆ ಚಿಗುರಿ ಮೊಗ್ಗಾಗುವವರೆಗೆ ಮನೆ ಕತ್ತಲು. ಜೂನ್‌ನಲ್ಲಿ ಗಿಡಹೇನು ಹತ್ತಿತು. ಬೇವಿನೆಣ್ಣೆಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಎಲೆಯ ಅಡಿಗೆ ಸಿಂಪಡಿಸುತ್ತ ಕೂತಿದ್ದಾಗ ಮನೆಯವರು ಬಂದು, “ದೀಪಕ್ಕೆ ಹೇನು ಬಿದ್ದಿದ್ದು ಕೇಳಿದ್ಯಾ ಎಲ್ಲಾದ್ರೂ?” ಅಂತ ನಕ್ಕು ಹೋದರು.

ಆ ಮಾತು ಕಥೆಗೆ ಬಹಳ ಉಪಯೋಗವಾಯಿತು. ಮೆಳೆಯಲ್ಲಿ ಈಗ ದೀಪ ಮೇಯಿಸುವವರು ಅಂತ ಒಂದು ಕಸುಬೇ ಹುಟ್ಟಿಕೊಂಡಿದೆ. ಬೆಳಗಾದರೆ ಓಣಿಯ ದೀಪಗಳನ್ನೆಲ್ಲ ಗಾಡಿಗೆ ಹಾಕಿಕೊಂಡು ಗುಡ್ಡದ ಬಿಸಿಲಿಗೆ ಹೊಡೆದುಕೊಂಡು ಹೋಗುತ್ತಾರೆ, ಸಂಜೆಗೆ ವಾಪಸು ತಂದು ಮನೆಮನೆಗೆ ಮುಟ್ಟಿಸುತ್ತಾರೆ. ಮಳೆಗಾಲದಲ್ಲಿ ಅವರಿಗೆ ಬೇಡಿಕೆ ಹೆಚ್ಚು, ಸಂಬಳ ಕಡಿಮೆ, ಬೈಗುಳ ಧಾರಾಳ. ದೀಪಕ್ಕೆ ಜಡ್ಡು ಬಂದರೆ ಪಕ್ಕದ ಮನೆಯವರು ತಮ್ಮ ದೀಪ ದೂರ ಇಡುತ್ತಾರೆ. ಯಂತ್ರ ಕೆಟ್ಟರೆ ಅದೊಂದೇ ಕೆಡುತ್ತದೆ. ಜೀವಂತ ಯಂತ್ರದ ಕಾಯಿಲೆ ಓಣಿಗೇ ಹರಡುತ್ತದೆ. ಕರೆಂಟು ಬಂದು ನಮ್ಮನ್ನು ಬಿಡಿಸಿದ್ದು ಕತ್ತಲೆಯಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಚಿಮಣಿ ಒರೆಸುವ, ಬತ್ತಿ ಕತ್ತರಿಸುವ, ಸೀಮೆಎಣ್ಣೆಗೆ ಕ್ಯೂ ನಿಲ್ಲುವ ಚಾಕರಿಯಿಂದಲೂ ಬಿಡಿಸಿತು. ಆ ಚಾಕರಿಯನ್ನು ಈ ಪೆಟೂನಿಯಾ ಮನೆಗೆ ವಾಪಸು ತಂದಿದೆ.

ಬತ್ತಿ ಏರಿಸುವುದಕ್ಕೆ ದಾರಿಯಿದೆಯೇ ಅಂತಲೂ ನೋಡಿದೆ. 2020ರ ಆ ತಂಬಾಕಿನ ಗಿಡಗಳು ಗಾಯವಾದಾಗ ಹೆಚ್ಚು ಬೆಳಗುತ್ತಿದ್ದವು, ಹಣ್ಣಾದ ಬಾಳೆಯ ಸಿಪ್ಪೆ ಹತ್ತಿರವಿಟ್ಟರೂ ಬೆಳಕು ಏರುತ್ತಿತ್ತು. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲ ಗಿಡಗಳ ಒಳಗೆ ಸುದ್ದಿ ಮುಟ್ಟಿಸುವ ಹಾರ್ಮೋನು, ಅದರ ಪರಿಣಾಮ. ನಾನೂ ಒಂದು ರಾತ್ರಿ ಕುಂಡವನ್ನು ದೊಡ್ಡ ಪ್ಲಾಸ್ಟಿಕ್ ಡಬ್ಬದೊಳಗಿಟ್ಟು, ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣಿನ ಸಿಪ್ಪೆ ಪಕ್ಕಕ್ಕಿಟ್ಟು, ಮುಚ್ಚಿಟ್ಟೆ. ಬೆಳಕು ಏರಿತೇ? ಹೂವಿನ ಬುಡದ ಹತ್ತಿರ ಏರಿದಂತೆ ಕಂಡಿತು. ಅಳೆಯುವ ಉಪಕರಣ ನನ್ನ ಹತ್ತಿರ ಇಲ್ಲ, ಹಾಗಾಗಿ ಆಣೆಯಿಟ್ಟು ಹೇಳಲಾರೆ. ಬೆಳಿಗ್ಗೆ ಕಂಡದ್ದನ್ನು ಮಾತ್ರ ಹೇಳಬಲ್ಲೆ. ಹಿಂದಿನ ದಿನ ಬಿರಿದಿದ್ದ ಹೂಗಳು ಒದ್ದೆ ಕಾಗದದ ಹಾಗೆ ಮುದುಡಿ ಕೆಳಗೆ ಬಾಗಿದ್ದವು. ಪೆಟೂನಿಯಾ ಹೂವನ್ನು ಬೇಗ ಮುದಿಯಾಗಿಸುವುದೂ ಅದೇ ಎಥಿಲೀನ್. ಮೊಗ್ಗುಗಳು ಉಳಿದುಕೊಂಡವು, ಪುಣ್ಯ. ಇನ್ನೊಮ್ಮೆ ಆ ಕೆಲಸ ಮಾಡಲಿಲ್ಲ. ಮೆಳೆಯಲ್ಲಿ ಈಗ ಹಬ್ಬಕ್ಕೆ ಮಾತ್ರ ದೀಪಕ್ಕೆ ಹಣ್ಣು ತೋರಿಸುತ್ತಾರೆ, ಮರುದಿನ ಹೂವು ಸಾಯುತ್ತದೆಂದು ಗೊತ್ತಿದ್ದೇ ತೋರಿಸುತ್ತಾರೆ.

ಆರಿಸುವ ಪ್ರಶ್ನೆಗೆ ಉತ್ತರ ಚುಟುಕು: ಆರಿಸಲಾಗುವುದಿಲ್ಲ. ಹಗಲೂ ಉರಿಯುತ್ತಲೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಮಲಗುವ ಕೋಣೆಯಲ್ಲಿಟ್ಟರೂ ನಿದ್ದೆ ಕೆಡಿಸುವಷ್ಟು ಬೆಳಕಲ್ಲ.

ಬೆಳಗುವ ಜೀವ ಅಂದಕೂಡಲೇ ಪೆಟ್ ಅಂಗಡಿಯ ಗ್ಲೋಫಿಶ್ ನೆನಪಾಗುವವರಿಗೆ ಒಂದು ಮಾತು. ಅದು ಬೇರೆ. 2003ರ ಕೊನೆಯಿಂದ ಇಲ್ಲಿ ಮಾರುತ್ತಿರುವ ಆ ಮೀನು ತಾನಾಗಿ ಬೆಳಗುವುದಿಲ್ಲ, ಮೇಲಿಂದ ನೀಲಿ ದೀಪ ಹಾಕಿದರೆ ಬಣ್ಣ ಹೊಳೆಯುತ್ತದೆ; ದೀಪಕ್ಕೊಂದು ದೀಪ ಬೇಕು. ಚೆಲ್ಲಾಟದ ವಸ್ತು ಅನ್ನಬಹುದಿತ್ತು, ಬ್ರೆಜಿಲ್ಲಿನಲ್ಲಿ ಸಾಕಾಣಿಕೆ ಕೊಳಗಳಿಂದ ತಪ್ಪಿಸಿಕೊಂಡು ಅಟ್ಲಾಂಟಿಕ್ ಕಾಡಿನ ಹಳ್ಳಗಳಲ್ಲಿ ಮರಿಹಾಕುತ್ತಿವೆ ಅನ್ನುವ ವರದಿ 2022ರಲ್ಲಿ ಬರದೇ ಇದ್ದಿದ್ದರೆ. ಟ್ಯೂಬ್‌ಲೈಟು ಓಡಿಹೋಗಿ ಮರಿಹಾಕಿದ್ದು ಯಾರೂ ಕೇಳಿಲ್ಲ.

ಪೆಟೂನಿಯಾದ ವಂಶದಲ್ಲೂ ಇಂಥ ಒಂದು ಚರಿತ್ರೆಯಿದೆ. ಫಿನ್ಲೆಂಡಿನ ಹೆಲ್ಸಿಂಕಿ ರೈಲು ನಿಲ್ದಾಣದ ಹೊರಗಿನ ಕುಂಡಗಳಲ್ಲಿ ಕಿತ್ತಳೆ ಬಣ್ಣದ ಪೆಟೂನಿಯಾ ಕಂಡು ತೀಮು ತೇರಿ ಅನ್ನುವ ಸಸ್ಯವಿಜ್ಞಾನಿಗೆ ಅನುಮಾನ ಬಂತು. ಪೆಟೂನಿಯಾಕ್ಕೆ ಆ ಕಿತ್ತಳೆ ಬಣ್ಣ ತಾನಾಗಿ ಬರುವಂಥದ್ದಲ್ಲ. ಪರೀಕ್ಷಿಸಿದರೆ ಒಳಗೆ ಮೆಕ್ಕೆಜೋಳದ ವಂಶವಾಹಿ! ಮೆಕ್ಕೆಜೋಳದ ವಂಶವಾಹಿಯಿಂದ ಪೆಟೂನಿಯಾಕ್ಕೆ ಕಿತ್ತಳೆ ಬಣ್ಣ ಬರಿಸಿದ ಪ್ರಯೋಗ ಜರ್ಮನಿಯಲ್ಲಿ ನಡೆದದ್ದು 1980ರ ದಶಕದಲ್ಲಿ. ಆ ವಂಶವಾಹಿ ಹೊತ್ತ ಹೂವು ಯಾರ ಗಮನಕ್ಕೂ ಬಾರದೆ ವ್ಯಾಪಾರದ ತಳಿಗಳಲ್ಲಿ ಸೇರಿ ದೇಶದೇಶದ ಅಂಗಡಿ ತುಂಬಿತ್ತು. 2017ರಲ್ಲಿ ಸುದ್ದಿಯಾಗಿ, ಯುರೋಪು, ಅಮೆರಿಕಗಳಲ್ಲಿ ಗಿಡಗಳನ್ನು ರಾಶಿರಾಶಿ ನಾಶಮಾಡಿದರು. ಯಾರಿಗೂ ಅಪಾಯವಾಗಿರಲಿಲ್ಲ, ಅನುಮತಿ ಇರಲಿಲ್ಲ, ಅಷ್ಟೆ. ಆದರೆ ಹೇಳದೆ ಕೇಳದೆ ಊರು ತುಂಬುವುದು ಎಷ್ಟು ಸುಲಭ ನೋಡಿ. ನನ್ನ ಕಥೆಯಲ್ಲಿ ಬೇಲಿ ಸಾಲಿನಲ್ಲಿ ಯಾರದೂ ಅಲ್ಲದ ದೀಪಗಳು ಕಳೆಯಾಗಿ ಬೆಳೆದಿರುವ ದೃಶ್ಯ ಇಲ್ಲಿಂದಲೇ ಬಂದದ್ದು.

ಜೀವಂತ ಯಂತ್ರ ಅಂದರೆ ಹೀಗೆ ತೋರಿಕೆಯದ್ದೇ ಆಗಬೇಕೆಂದಿಲ್ಲ ಅನ್ನುವುದೂ ನಿಜ. ನಮ್ಮಪ್ಪ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ಅಂಥದ್ದರ ಉತ್ಪನ್ನ. ಒಂದು ಕಾಲಕ್ಕೆ ಅದನ್ನು ಹಂದಿ, ದನಗಳ ಮೇದೋಜೀರಕದಿಂದ ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾಡಿದ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ಚೀಸ್ ಹೆಪ್ಪಿಗೂ 1990ರಿಂದ ಇದೇ ಬಗೆಯ ಬದಲಿ ಬಂದಿದೆ. ಇವೆಲ್ಲ ಸ್ಟೀಲ್ ತೊಟ್ಟಿಯೊಳಗೆ ಮೌನವಾಗಿ ದುಡಿಯುತ್ತವೆ, ಯಾರ ಫೋಟೋಕ್ಕೂ ಬರುವುದಿಲ್ಲ. ಉಪಯೋಗದ ತಕ್ಕಡಿಯಲ್ಲಿ ಅವುಗಳ ಮುಂದೆ ನನ್ನ ಹೂಗಿಡ ಏನೂ ಅಲ್ಲ. ಕಥೆ ಬರೆಯುವವರಿಗೆ, ನನ್ನನ್ನೂ ಸೇರಿಸಿ, ಹೊಳೆಯುವ ಬಳ್ಳಿ ಕಣ್ಣಿಗೆ ಬೀಳುತ್ತದೆ. ಹುದುಗು ಬರುವ ತೊಟ್ಟಿ ಬೀಳುವುದಿಲ್ಲ. ಮೆಳೆಗೆ ಈಗ ಒಂದು ಹುದುಗುಮನೆ ಸೇರಿಸಿದ್ದೇನೆ, ನಾತದ ಸಮೇತ.

ಅಂಕ ಕೇಳುವವರಿಗೆ: ದೀಪ ಅಂತ ನೋಡಿದರೆ ಐದಕ್ಕೆ ಒಂದು, ಅದೂ ಧಾರಾಳವಾಗಿ. ಗಿಡ ಅಂತ ನೋಡಿದರೆ ನಾಲ್ಕು. ಮನೆಗೆ ಬಂದವರನ್ನು ಬಚ್ಚಲುಮನೆಯ ಕತ್ತಲಲ್ಲಿ ಕೂರಿಸಿ ಮಾತಾಡಿಸುವ ನೆಪ ಅಂತ ನೋಡಿದರೆ ಐದಕ್ಕೆ ಐದು. ಮಕ್ಕಳು ದೊಡ್ಡವರಿಗಿಂತ ಬೇಗ ಕಾಣುತ್ತಾರೆ, ಬೇಗ ಬೇಜಾರೂ ಆಗುತ್ತಾರೆ. ಸುತ್ತ ದೀಪವಿಲ್ಲದ ಹಿತ್ತಿಲು, ಅಂಗಳ ಇರುವವರು ಕಣ್ಣುಮುಚ್ಚಿ ತೆಗೆದುಕೊಳ್ಳಿ. ಅಪಾರ್ಟ್‌ಮೆಂಟಿನವರು ಮೊದಲು ಮನೆಯಲ್ಲಿ ಕತ್ತಲಿನ ಜಾಗ ಇದೆಯೇ ಹುಡುಕಿ, ಆಮೇಲೆ ಕಾರ್ಡ್ ತೆಗೆಯಿರಿ. ಫೋಟೋ ಬೇಕಾದವರು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೈಟ್ ಮೋಡಿನಲ್ಲಿ ತೆಗೆಯಿರಿ, ಕೈ ಅಲ್ಲಾಡಿದರೆ ಹಸಿರು ಗಂಜಿ ಬರುತ್ತದೆ.

ಊರಿನ ಗೆಳತಿಯರು ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದಾರೆ: ಬರುವಾಗ ಒಂದು ಕಡ್ಡಿ ಕತ್ತರಿಸಿ ತಾ, ಬ್ಯಾಗಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ತರುವುದಿಲ್ಲ ಕಣ್ರೇ. ಭಾರತದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಮಾಡಿದ ನಿಯಮಗಳ ಪ್ರಕಾರ ಕುಲಾಂತರಿ ಗಿಡ ತರಬೇಕಾದರೆ ಮೊದಲು ಅನುಮತಿ ಬೇಕು. ಸಸ್ಯ ಕ್ವಾರಂಟೈನ್ ಕಾನೂನು ಬೇರೆ ಇದೆ. 2002ರಲ್ಲಿ ಬಂದ ಬಿಟಿ ಹತ್ತಿ ಬಿಟ್ಟರೆ ನಮ್ಮಲ್ಲಿ ರೈತರು ಕಾನೂನುಬದ್ಧವಾಗಿ ವ್ಯಾಪಾರಕ್ಕೆ ಬೆಳೆಯುವ ಕುಲಾಂತರಿ ಬೆಳೆ ಇನ್ನೊಂದಿಲ್ಲ. ಬಿಟಿ ಬದನೆ 2010ರ ತಡೆಯಲ್ಲೇ ನಿಂತಿದೆ. ಹೆಲ್ಸಿಂಕಿಯ ಕಿತ್ತಳೆ ಹೂವಿನ ಕಥೆ ಓದಿದ ಮೇಲೆ ಕದ್ದು ತರುವ ಉತ್ಸಾಹ ನನಗಂತೂ ಇಲ್ಲ. ನೋಡಲೇಬೇಕು ಅನ್ನುವವರು ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಮ್ಮೂರಿಗೆ ಹೋಗಿ, ಅಮ್ಮ ಕೊಳೆತ ಮರವನ್ನು ಪುಕ್ಕಟೆ ತೋರಿಸುತ್ತಾಳೆ.

ಪೆಟೂನಿಯಾ ಹಿಮ ತಡೆಯುವುದಿಲ್ಲ. ಈಗ ನವೆಂಬರ್, ಕತ್ತರಿಸಿ, ಕುಂಡ ಒಳಗೆ ತಂದು, ದಕ್ಷಿಣದ ಕಿಟಕಿಗಿಟ್ಟಿದ್ದೇನೆ. ಮೂರು ಚಿಗುರಿವೆ, ಮೊಗ್ಗಿಲ್ಲ. ಉಳಿದರೆ ಸರಿ, ಉಳಿಯದಿದ್ದರೆ ವಸಂತಕ್ಕೆ ಮತ್ತೆ ತರಿಸುತ್ತೇನೆ. ಟ್ರೇಗಟ್ಟಲೆ ಲೆಕ್ಕ ಹೇಳಿದ್ದ ನಮ್ಮ ಮನೆಯವರು ಈ ಸಲ ಎರಡು ಹೇಳು ಅಂದಿದ್ದಾರೆ. ಒಂದನ್ನು ಬಾಲ್ಕನಿಗೆ ಸಾಗಿಸುವುದು ಅವರ ಪಾಲಿಗೆ ಅಂತ ಇನ್ನೂ ಹೇಳಿಲ್ಲ.